ಪಂಜೆ ಮಂಗೇಶರಾಯರು

ದಕ್ಷಿಣ ಕನ್ನಡದ ಮಣ್ಣಿನಲ್ಲಿ ಹುಟ್ಟಿ ಶಾಲೆಯ ಮೆಟ್ಟಲು ಹತ್ತಿದವರಲ್ಲಿ ನಾಗರಹಾವಿನ ಪದ್ಯವನ್ನು ಬಾಯಿಪಾಠ ಮಾಡದವರು ಸಿಕ್ಕುವುದು ದುರ್ಲಭ. ಅಜ್ಜಿಗೂ ಅದು ಬರುವುದು, ಮೊಮ್ಮಗಳಿಗೂ ಬರುವುದು. ಆದರೆ ಅದನ್ನು ಬರೆದವರು ಯಾರು, ಅವರು ಎಂಥವರು, ಮಕ್ಕಳಿಗಾಗಿ ಏತಕ್ಕೆ ಬರೆದರು ಎಂದು ಕೇಳಿದರೆ ಅನೇಕರು ಸುಮ್ಮನಾಗುವರು. ಪದ್ಯವು ಕವಿಯ ಹೆಸರನ್ನು ಮರೆಸಿ ತಾನೇ ಉಳಿದುಕೊಂಡಿರುವುದು. ಬರೆದವನಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲವೆಂದು ಕೆಲವರು ಹೇಳಬಹುದು. ಆದರೂ ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಪಂಜೆ ಮಂಗೇಶರಾಯರ ಜೀವನ ವೃತ್ತಾಂತಕ್ಕೆ ಮೀಸಲಿಡುವುದು ಉಚಿತವೆಂದು ನಮಗೆ ತೋರಿತು.

ಅದಕ್ಕೆ ಒಂದು ಕಾರಣವೂ ಉಂಟು. ನಮ್ಮ ಶಾಲೆಯ ಪ್ರಾಥಮಿಕ ವಿಭಾಗದಲ್ಲಿ ಪ್ರತಿದಿನವೂ 20 ನಿಮಿಷಗಳ ಮೌನವಾಚನಕ್ಕೆ ವೇಳಾಪಟ್ಟಿಯಲ್ಲಿ ಸ್ಥಳ ಮಾಡಿಕೊಟ್ಟಿರುವೆವು. ಆ ಹೊತ್ತಿನಲ್ಲಿ ಪಾಠವಿಲ್ಲ, ಪ್ರಶ್ನೆಯಿಲ್ಲ, ಬರವಣಿಗೆಯಿಲ್ಲ. ಹುಡುಗಿಯು ತನಗೆ ಬೇಕಾದ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಂಡು, ತನ್ನ ಜಾಗದಲ್ಲಿ ಕುಳಿತು, ತನ್ನಷ್ಟಕ್ಕೆ ಓದುವಳು. ಇದನ್ನು ಕಂಡ ಕೆಲವು ತಾಯ್ತಂದೆಗಳು, ಕಲಿಯಲೆಂದು ಕಳುಹಿಸಿದ ಮಗುವನ್ನು ಹೀಗೆ ಸುಮ್ಮನೆ ಕುಳ್ಳಿರಿಸುವುದು ಯಾವ ನ್ಯಾಯವೆಂದು ನಮ್ಮನ್ನು ವಿಚಾರಿಸಿರುವರು. ಪ್ರಶ್ನೆಯು ಸಹಜವಾದದ್ದೇ. ಪರ್ಕಳ, ಹೆರ್ಗ, ಆತ್ರಾಡಿ, ಹಿರಿಯಡ್ಕಗಳ ಕಡೆಯಿಂದ ಬಸ್ಸು ಹತ್ತಿ ಬರುವ ಹುಡುಗಿಯರ ಮನೆಗಳಲ್ಲಿ ಒಂದೊಂದು ಗಂಟೆಗೂ ಬೆಲೆಯುಂಟು. ಬೀಡಿ ಕಟ್ಟಿ, ಗದ್ದೆ ನೆಟ್ಟು ಮಕ್ಕಳನ್ನು ಓದಿಸಿದ ತಾಯಂದಿರಿಗೆ ಶಾಲೆಯ ಹೊತ್ತು ಹೇಗೆ ಕಳೆಯುವುದೆಂದು ಕೇಳುವ ಹಕ್ಕು ಇದ್ದೇ ಇದೆ. ಆದರೆ ಉತ್ತರವನ್ನು ಶಿಕ್ಷಣಶಾಸ್ತ್ರದ ಮಾತುಗಳಲ್ಲಿ ಹೇಳುವುದಕ್ಕಿಂತ, ಈ ಜಿಲ್ಲೆಯಲ್ಲಿಯೇ ಬಾಳಿ, ಮಕ್ಕಳು ತಾವಾಗಿ ಕೈಗೆತ್ತಿಕೊಂಡು ಓದಬಹುದಾದ ಪುಸ್ತಕಗಳನ್ನು ಮೊಟ್ಟಮೊದಲು ಉಂಟುಮಾಡಿದವರಲ್ಲಿ ಒಬ್ಬರಾದ ಈ ಮಹನೀಯರ ಬಾಳಿನ ಮೂಲಕ ಹೇಳುವುದು ಲೇಸು.

ಮಂಗೇಶರಾಯರು 1874ನೆಯ ಇಸವಿ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಪಂಜ ಎಂಬುದು ಸುಬ್ರಹ್ಮಣ್ಯದ ಸೀಮೆಯ ಒಂದು ಊರು; ಮನೆತನದ ಮೂಲವು ಅಲ್ಲಿಯದಾದುದರಿಂದ ಆ ಹೆಸರು ಅಂಟಿಕೊಂಡಿತು. ನೇತ್ರಾವತಿಯ ದಡದ ಬಂಟ್ವಾಳವು ಆ ಕಾಲದಲ್ಲಿ ಘಟ್ಟದ ಮೇಲಿನಿಂದ ಇಳಿದು ಬರುವ ಸರಕಿಗೆ ದೊಡ್ಡ ಪೇಟೆಯಾಗಿತ್ತು. ಸಾರಸ್ವತ ಮನೆತನವಾದುದರಿಂದ ಮನೆಯೊಳಗಿನ ಮಾತು ಕೊಂಕಣಿ. ಅಂಗಳ ದಾಟಿ ಬೀದಿಗೆ ಬಂದರೆ ತುಳು. ಶಾಲೆಯ ಬಾಗಿಲು ಹೊಕ್ಕರೆ ಕನ್ನಡ. ಸ್ವಲ್ಪ ದೊಡ್ಡವರಾದ ಮೇಲೆ ಇಂಗ್ಲಿಷು. ಮುಂದೆ ಕನ್ನಡದ ಮಕ್ಕಳೆಲ್ಲರ ನಾಲಿಗೆಯ ಮೇಲೆ ನೆಲಸಿದ ಪದ್ಯಗಳನ್ನು ಬರೆದವರಿಗೆ ಕನ್ನಡವು ತಾಯಿಯ ಮಡಿಲಲ್ಲಿ ಕೇಳಿದ ಭಾಷೆಯಾಗಿರಲಿಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಇದು ಪಂಜೆಯವರೊಬ್ಬರ ಸಂಗತಿಯಲ್ಲ. ಈ ಕರಾವಳಿಯ ಮಗುವಿನ ಪಾಡು ಅಂದಿಗೂ ಇಂದಿಗೂ ಹೆಚ್ಚುಕಡಿಮೆ ಒಂದೇ. ನಮ್ಮ ಮೊದಲನೆಯ ತರಗತಿಯಲ್ಲಿ ಕುಳಿತಿರುವ ಹುಡುಗಿಯರಲ್ಲಿ ಒಬ್ಬಳ ಮನೆಮಾತು ತುಳು, ಪಕ್ಕದವಳದು ಕೊಂಕಣಿ, ಅದರಾಚೆಯವಳದು ಬ್ಯಾರಿ. ಕುಂದಾಪುರದ ಕಡೆಯಿಂದ ಬಂದು ನೆಲಸಿದವರ ಮಗಳಿಗೆ ಕನ್ನಡವು ಮನೆಯ ಭಾಷೆಯಾದರೂ ಪುಸ್ತಕದ ಕನ್ನಡವು ಬೇರೆಯಾಗಿ ಕೇಳುವುದು. ಇಂಥ ಮಗುವು ಅಕ್ಷರಗಳನ್ನು ಕೂಡಿಸಿ ಗಟ್ಟಿಯಾಗಿ ಓದಿದರೆ ಕೇಳುವವರಿಗೆ ಓದು ಬಂದಿತೆಂದೇ ತೋರುವುದು. ಅರ್ಥವು ಹೊಳೆಯಿತೋ ಇಲ್ಲವೋ ಎಂಬುದು ದನಿಯಿಂದ ತಿಳಿಯುವುದಿಲ್ಲ. ತನಗೆ ಬಾರದ ಭಾಷೆಯನ್ನು ಸ್ವಚ್ಛವಾಗಿ ಗಟ್ಟಿಯಾಗಿ ಓದಬಲ್ಲ ಮಗುವನ್ನು ನಾವು ಎಷ್ಟೋ ಸಲ ಕಂಡಿರುವೆವು. ಮೌನವಾಗಿ ಓದುವಾಗಲಾದರೋ ಅರ್ಥವಾಗದಿದ್ದರೆ ಮುಂದಕ್ಕೆ ಹೋಗುವುದಕ್ಕೆ ಕಾರಣವೇ ಇರುವುದಿಲ್ಲ. ಕಣ್ಣು ಕಿಟಕಿಯ ಕಡೆಗೆ ತಿರುಗಿಬಿಡುವುದು.

ಪಂಜೆಯವರ ಬಾಲ್ಯದ ಶಾಲೆಗಳು ಎಂಥವಾಗಿದ್ದುವೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಐಗಳ ಮುಂದೆ ಮರಳ ಮೇಲೆ ಅಕ್ಷರ ತಿದ್ದುವ ಪದ್ಧತಿಯು ಇನ್ನೂ ಪೂರ್ತಿಯಾಗಿ ಅಳಿದಿರಲಿಲ್ಲ. ಮಗ್ಗಿಯೂ ಪದ್ಯವೂ ಗುಂಪಿನ ದನಿಯಲ್ಲಿ ಸಾಗುತ್ತಿದ್ದುವು. ದನಿ ದೊಡ್ಡದಾದಷ್ಟೂ ಶಾಲೆ ಚೆನ್ನಾಗಿ ನಡೆಯುವುದೆಂದು ಬೀದಿಯಲ್ಲಿ ಹೋಗುವವರು ತಿಳಿಯುತ್ತಿದ್ದರು. ಅದರ ಮೇಲೆ ಮದ್ರಾಸು ಪ್ರಾಂತದ ಸರಕಾರವು ಪರೀಕ್ಷೆಯ ಫಲಕ್ಕನುಸಾರವಾಗಿ ಸಹಾಯಧನ ಕೊಡುವ ಕ್ರಮವನ್ನು 1860ರ ದಶಕದಲ್ಲಿ ಜಾರಿಗೆ ತಂದಿತ್ತು. ಇನ್ಸ್ಪೆಕ್ಟರರು ವರ್ಷಕ್ಕೊಮ್ಮೆ ಬಂದು ಒಂದೊಂದು ಮಗುವನ್ನೂ ಪರೀಕ್ಷಿಸುವರು. ಎಷ್ಟು ಮಕ್ಕಳು ತೇರ್ಗಡೆಯಾದರೋ ಅಷ್ಟಕ್ಕೆ ಹಣ. ಆ ಹಣದ ಮೇಲೆಯೇ ಉಪಾಧ್ಯಾಯನ ಹೊಟ್ಟೆ. ಇಂಥಲ್ಲಿ ಬಡ ಉಪಾಧ್ಯಾಯನು ಏನು ಮಾಡಿಯಾನು? ಪಠ್ಯಪುಸ್ತಕವೊಂದನ್ನೇ ವರ್ಷವಿಡೀ ತಿರುವಿ ತಿರುವಿ ಓದಿಸಿ, ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ತಪ್ಪಿಲ್ಲದೆ ಹೇಳುವ ಹಾಗೆ ಮಕ್ಕಳನ್ನು ತಯಾರಿಸುತ್ತಿದ್ದನು. ಗಟ್ಟಿಯಾದ ಓದನ್ನು ಬಂದವರಿಗೆ ತೋರಿಸಬಹುದು. ಮೌನದ ಓದನ್ನು ತೋರಿಸುವುದೆಂತು? ಈ ಸಹಾಯಧನದ ಕ್ರಮವನ್ನು 20ನೆಯ ಶತಮಾನದ ಆರಂಭದಲ್ಲಿ ಕೈಬಿಟ್ಟರು. ಆದರೆ ಅದು ಬಿಟ್ಟುಹೋದ ಅಭ್ಯಾಸಗಳು ಅಷ್ಟು ಬೇಗ ಹೋಗಲಿಲ್ಲ. ಪೂರ್ತಿ ಹೋಗಿವೆಯೆಂದು ಈಗಲೂ ಹೇಳಲಾರೆವು.

ಮೌನವಾಗಿ ಓದುವುದು ಎಲ್ಲ ಕಾಲದಲ್ಲಿಯೂ ಸಾಮಾನ್ಯವಾಗಿತ್ತೆಂದು ತಿಳಿಯಬಾರದು. ನಾಲ್ಕನೆಯ ಶತಮಾನದಲ್ಲಿ ಸಂತ ಅಗಸ್ಟಿನನು ಮಿಲಾನ್ ಪಟ್ಟಣಕ್ಕೆ ಹೋದಾಗ ಅಲ್ಲಿನ ಬಿಷಪರಾದ ಸಂತ ಆಂಬ್ರೋಸರು ಓದುತ್ತಿದ್ದ ರೀತಿಯನ್ನು ಕಂಡು ಸೋಜಿಗಪಟ್ಟು, ಅದನ್ನು ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಬರೆದಿಟ್ಟಿರುವನು. ಬಿಷಪರ ಕಣ್ಣುಗಳು ಪುಟದ ಮೇಲೆ ಸಾಗುತ್ತಿದ್ದುವು, ಮನಸ್ಸು ಅರ್ಥವನ್ನು ಅರಸುತ್ತಿತ್ತು, ನಾಲಿಗೆ ಮಾತ್ರ ಸುಮ್ಮನಿತ್ತು. ಯಾರು ಬೇಕಾದರೂ ಒಳಗೆ ಬರಬಹುದಾಗಿದ್ದರೂ, ಬಂದವರು ಅವರ ಮೌನವನ್ನು ಕೆಡಿಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಕುಳಿತು ಎದ್ದುಹೋಗುತ್ತಿದ್ದರು. ನಮ್ಮ ತರಗತಿಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿ ನೋಡಿ ಹಿಂದಿರುಗಿದ ತಂದೆಯೊಬ್ಬರ ಮುಖದಲ್ಲಿಯೂ ಅಗಸ್ಟಿನನ ಆ ಸೋಜಿಗವೇ ಇತ್ತು.

ಪಂಜೆಯವರ ಕಥೆಗೆ ಮರಳೋಣ. ಅವರು ಚಿಕ್ಕವರಾಗಿದ್ದಾಗಲೇ ತಂದೆಯು ತೀರಿಕೊಂಡುದರಿಂದ ಮನೆಯ ಭಾರವು ಎಳೆಯ ಹೆಗಲ ಮೇಲೆ ಬಿದ್ದಿತು. ಓದು ಮುಂದುವರಿಸಲು ಮಂಗಳೂರಿಗೆ ಬಂದ ಅವರು ಬಡತನದ ಕಷ್ಟವನ್ನು ಚೆನ್ನಾಗಿ ಕಂಡವರು. 1894ರಲ್ಲಿ ಬೆನಗಲ್ ರಾಮರಾಯರ ತಂಗಿಯಾದ ಭವಾನಿಬಾಯಿಯವರೊಡನೆ ಅವರ ವಿವಾಹವಾಯಿತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿ, ದುಡಿಯುತ್ತಲೇ ಬಿ.ಎ. ಪದವಿಯನ್ನೂ ಉಪಾಧ್ಯಾಯ ತರಬೇತಿಯನ್ನೂ ಮುಗಿಸಿದರು. ತಾನು ಕಲಿಸುತ್ತಲೇ ಕಲಿತವನಿಗೆ ಕಲಿಯುವವರ ಕಷ್ಟವು ಬೇಗನೆ ಅರ್ಥವಾಗುವುದು.

1900ರಲ್ಲಿ ರಾಮರಾಯರ ಸಂಪಾದಕತ್ವದಲ್ಲಿ ಮಂಗಳೂರಿನಿಂದ ಸುವಾಸಿನಿ ಎಂಬ ಮಾಸಪತ್ರಿಕೆಯು ಹೊರಟಿತು. ಪಂಜೆಯವರು ಅದರಲ್ಲಿ ಬರೆದ ಕಥೆಗಳನ್ನು, ಮುಖ್ಯವಾಗಿ ಕಮಲಾಪುರದ ಹೋಟ್ಲಿನಲ್ಲಿ ಎಂಬುದನ್ನು, ಕನ್ನಡದ ಮೊದಲ ಸಣ್ಣಕಥೆಗಳ ಸಾಲಿನಲ್ಲಿ ವಿಮರ್ಶಕರು ಎಣಿಸುವರು. ಹರಟೆಗಳನ್ನು ಹರಟೆಮಲ್ಲನೆಂಬ ಹೆಸರಿನಲ್ಲಿಯೂ, ಪದ್ಯಗಳನ್ನು ಕವಿಶಿಷ್ಯನೆಂಬ ಹೆಸರಿನಲ್ಲಿಯೂ ಬರೆದರು. ಕವಿಯೆಂದು ಕರೆದುಕೊಳ್ಳದೆ ಕವಿಗಳ ಶಿಷ್ಯನೆಂದು ಕರೆದುಕೊಂಡುದರಲ್ಲಿ ಅವರ ವಿನಯವೂ ಇದೆ, ಸ್ವಲ್ಪ ತುಂಟತನವೂ ಇದೆ. ದೊಡ್ಡವರಿಗಾಗಿ ಬರೆಯುತ್ತ ಹೋಗಿದ್ದರೆ ಅವರು ಕಥೆಗಾರರಾಗಿ ಇನ್ನೂ ದೊಡ್ಡ ಕೀರ್ತಿಯನ್ನು ಪಡೆಯಬಹುದಿತ್ತೆಂಬುದರಲ್ಲಿ ನಮಗೆ ಸಂಶಯವಿಲ್ಲ. ಅವರು ಮಕ್ಕಳ ಕಡೆಗೆ ತಿರುಗಿದರು.

ಇಲ್ಲಿ ನಮ್ಮ ಮಿಶನ್ ಪರಂಪರೆಗೂ ಅವರಿಗೂ ಇದ್ದ ಸಂಬಂಧವನ್ನು ಸಂತೋಷದಿಂದ ನೆನೆಯಬೇಕು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನರಿಗಳು 1841ರಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವು 1843ರಲ್ಲಿ ಹೊರಟದ್ದು ಮೋಗ್ಲಿಂಗ್ ಸಾಹೇಬರ ಶ್ರಮದಿಂದ. ಕಿಟ್ಟೆಲ್ ಸಾಹೇಬರ ನಿಘಂಟು 1894ರಲ್ಲಿ ಹೊರಬಂದದ್ದೂ ಆ ಮಿಶನಿನ ಆಶ್ರಯದಲ್ಲಿಯೇ. ಸುತ್ತಲಿನ ಶಾಲೆಗಳಿಗೆ ಬೇಕಾದ ಪಠ್ಯಪುಸ್ತಕಗಳು ಬಹುಕಾಲ ಅಲ್ಲಿಂದಲೇ ಬರುತ್ತಿದ್ದುವು. ಮಕ್ಕಳಿಗಾಗಿ ಪಂಜೆಯವರು ಸಂಪಾದಿಸಿದ ಕನ್ನಡ ಪದ್ಯಪುಸ್ತಕಗಳು 1912ರ ಸುಮಾರಿನಿಂದ ಆ ಅಚ್ಚುಕೂಟದ ಮೂಲಕವೇ ಶಾಲೆಗಳಿಗೆ ಹೋದುವು. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ ಸಾಹೇಬರು 1872ರಲ್ಲಿ ಅಚ್ಚುಹಾಕಿಸಿದ್ದರಷ್ಟೆ. ಅದರ ಮುಂದಿನ ಆವೃತ್ತಿಯನ್ನು ಪರಿಷ್ಕರಿಸಿದವರೂ ಪಂಜೆಯವರೇ. ಹಳಗನ್ನಡ ವ್ಯಾಕರಣದ ಸೂತ್ರಗಳನ್ನು ತಿದ್ದಿದ ಕೈಯೇ ಮೂರು ಕರಡಿಗಳ ಕಥೆಯನ್ನೂ ಬರೆಯಿತು. ಪಂಡಿತರಾದವರು ಮಕ್ಕಳಿಗೆ ಬರೆಯುವುದನ್ನು ಹಗುರವಾಗಿ ಕಾಣುವ ಈ ಲೋಕದಲ್ಲಿ ಇದು ಅಪರೂಪವೇ ಸರಿ.

ಬಳಿಕ ಅವರು ವಿದ್ಯಾ ಇಲಾಖೆಯಲ್ಲಿ ಶಾಲೆಗಳ ಸಬ್ ಅಸಿಸ್ಟೆಂಟ್ ಇನ್ಸ್ಪೆಕ್ಟರರಾದರು. ಅಂದಿನ ದಕ್ಷಿಣ ಕನ್ನಡವೆಂದರೆ ಈಗಿನ ಉಡುಪಿ ಜಿಲ್ಲೆಯೂ ಕಾಸರಗೋಡೂ ಸೇರಿದ ಸೀಮೆ. ಉಡುಪಿಯು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೊಳೆಗಳಿಗೆ ಈಗಿನಂತೆ ಸೇತುವೆಗಳಿರಲಿಲ್ಲ. ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎತ್ತಿನ ಗಾಡಿ, ದೋಣಿ, ಕಾಲ್ನಡಿಗೆ. ಗುಡ್ಡದ ತುದಿಯ ಮುಳಿಹುಲ್ಲಿನ ಮಾಡಿನ ಶಾಲೆಗೆ ಇನ್ಸ್ಪೆಕ್ಟರರು ಬರುತ್ತಾರೆಂದರೆ ಮಕ್ಕಳಿಗೆ ಗುಮ್ಮ ಬಂದಂತೆ, ಉಪಾಧ್ಯಾಯರಿಗೆ ಅದಕ್ಕಿಂತ ಹೆಚ್ಚು. ಆ ಭಯವನ್ನು ಕಳೆದವರಲ್ಲಿ ಪಂಜೆಯವರ ಹೆಸರು ಮೊದಲನೆಯದು. ಅಧಿಕಾರಿಯಾಗಿ ಬಂದು ಕಥೆ ಹೇಳಿ ಹೋದವರೆಂದೇ ಹಳಬರು ಅವರನ್ನು ನೆನೆಯುತ್ತಿದ್ದರು. ಮಕ್ಕಳನ್ನು ಪರೀಕ್ಷಿಸುವುದು ಅವರ ಉದ್ಯೋಗವಾಗಿತ್ತು; ನಗಿಸುವುದು ಅವರ ಸ್ವಭಾವವಾಗಿತ್ತು.

ಇಂತಹ ಅಧಿಕಾರಿಯ ಕಣ್ಣಿಗೆ ಬೀಳುವ ಸಂಗತಿಯೊಂದುಂಟು. ಸುತ್ತಾಡಿದ ಶಾಲೆಗಳಲ್ಲೆಲ್ಲ ಒಂದೇ ಪಾಠಪುಸ್ತಕ. ಅದು ಮುಗಿದರೆ ಮಗುವಿಗೆ ಓದುವುದಕ್ಕೆ ಬೇರೇನೂ ಇಲ್ಲ. ಮನೆಯಲ್ಲಿ ಪುಸ್ತಕವಿಲ್ಲ, ಇದ್ದರೆ ಭಾರತವೋ ರಾಮಾಯಣವೋ ಇದ್ದೀತು, ಅದು ಅಜ್ಜನು ರಾಗವಾಗಿ ಓದತಕ್ಕದ್ದು, ಮಗುವಿನ ಕೈಗೆ ಕೊಡುವಂಥದಲ್ಲ. ಓದಲು ಬಂದ ಮೇಲೆ ಏನನ್ನು ಓದಬೇಕೆಂಬ ಪ್ರಶ್ನೆಗೆ ಕನ್ನಡದಲ್ಲಿ ಉತ್ತರವೇ ಇರಲಿಲ್ಲವೆನ್ನಬೇಕು. ಈಜು ಕಲಿಸಿ ನೀರೇ ಇಲ್ಲದ ಊರಿಗೆ ಕಳುಹಿಸಿದಂತೆ.

ಈ ಕೊರತೆಯನ್ನು ನೀಗಿಸಲೆಂದೇ 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವು ಹುಟ್ಟಿತು. ಅದರ ಜೀವಾಳವು ಪಂಜೆಯವರು. ಮಕ್ಕಳಿಗೆಂದೇ ಚಿಕ್ಕ ಚಿಕ್ಕ ಪುಸ್ತಕಗಳು ಹೊರಡತೊಡಗಿದುವು. ಎಂ. ಎನ್. ಕಾಮತರೇ ಮೊದಲಾದ ಬರಹಗಾರರೂ ಈ ಜಿಲ್ಲೆಯಲ್ಲಿ ಮಕ್ಕಳಿಗಾಗಿ ಲೇಖನಿ ಹಿಡಿದರು. ಶಿವರಾಮ ಕಾರಂತರ ಬಾಲಪ್ರಪಂಚದ ಮೂರು ದೊಡ್ಡ ಸಂಪುಟಗಳು 1936ರಲ್ಲಿ ಬಂದುವು. ಕನ್ನಡ ನಾಡಿನ ಬೇರೆ ಭಾಗಗಳಲ್ಲಿಯೂ ಈ ಕೆಲಸ ನಡೆಯಿತೆಂಬುದು ನಿಜ. ಆದರೆ ಮನೆಯಲ್ಲಿ ಕನ್ನಡವಾಡದ ಮಕ್ಕಳೇ ಹೆಚ್ಚಾಗಿರುವ ಈ ಕರಾವಳಿಯಲ್ಲಿ ಅದು ಇಷ್ಟು ಬೇಗ ಆರಂಭವಾದದ್ದು ಸುಮ್ಮನೆ ಅಲ್ಲವೆಂದು ನಮ್ಮ ಅಭಿಪ್ರಾಯ.

ಆ ಪುಸ್ತಕಗಳ ಗುಣವೇನೆಂಬುದನ್ನು ಉಪಾಧ್ಯಾಯಿನಿಯ ಕಣ್ಣಿನಿಂದ ನೋಡಿದರೆ ವಿಶೇಷವು ತಿಳಿಯುವುದು. ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕಥೆಯನ್ನು ತೆಗೆದುಕೊಳ್ಳೋಣ. ಸಿಗಡಿಯನ್ನು ಬಿಸಿಲಿಗೆ ಹರಡಿ ಒಣಗಿಸುವುದನ್ನು ಮಲ್ಪೆಯಿಂದ ಕಾಪುವಿನವರೆಗೆ ಯಾವ ಮಗು ಕಂಡಿಲ್ಲ? ಕಥೆಯಲ್ಲಿ ಒಬ್ಬರನ್ನು ಕೇಳಿದರೆ ಅವರು ಇನ್ನೊಬ್ಬರ ಕಡೆಗೆ ಕೈತೋರಿಸುವರು, ಅವರನ್ನು ಕೇಳಿದರೆ ಮತ್ತೊಬ್ಬರ ಕಡೆಗೆ. ಹೀಗೆ ಸರಪಣಿಯಂತೆ ಸಾಗುವುದು. ಹೇನು ಸತ್ತು ಕಾಗೆ ಬಡವಾದ ಕಥೆಯೂ ಇದೇ ಜಾತಿಯದು. ದೊಡ್ಡವರಿಗೆ ಇದು ಬರಿಯ ತಮಾಷೆ. ಆದರೆ ಓದಲು ಈಗತಾನೆ ಕಲಿತ ಮಗುವು ಒಂಟಿಯಾಗಿ ಪುಸ್ತಕ ಹಿಡಿದಾಗ ಆಗುವುದೇನು? ಒಂದು ಸಾಲಿನಲ್ಲಿ ಎರಡು ಹೊಸ ಮಾತುಗಳು ಬಂದರೆ ಅದು ನಿಂತುಬಿಡುವುದು. ಕೇಳುವುದಕ್ಕೆ ಟೀಚರು ಬಳಿಯಲ್ಲಿಲ್ಲದಿದ್ದರೆ ಪುಸ್ತಕವನ್ನು ಮಡಚುವುದು. ಸರಪಣಿಯ ಕಥೆಯಲ್ಲಿ ಹಳೆಯ ವಾಕ್ಯವೇ ಮತ್ತೆ ಮತ್ತೆ ಬರುವುದು, ಪ್ರತಿಸಲವೂ ಹೊಸದಾಗಿ ಬರುವುದು ಒಂದೆರಡೇ ಮಾತು. ಆ ಮಾತಿನ ಅರ್ಥವೂ ಕಥೆಯ ಓಟದಿಂದಲೇ ಊಹೆಗೆ ನಿಲುಕುವುದು. ಹೀಗಾಗಿ ಯಾರ ಸಹಾಯವೂ ಇಲ್ಲದೆ ಮಗು ಕೊನೆಯ ಪುಟವನ್ನು ಮುಟ್ಟುವುದು. ತಾನೊಬ್ಬಳೇ ಒಂದು ಪುಸ್ತಕವನ್ನು ಮುಗಿಸಿದೆನೆಂಬ ಹಿಗ್ಗನ್ನು ಏಳು ವರ್ಷದ ಹುಡುಗಿಯ ಮುಖದಲ್ಲಿ ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಇನ್ನೊಂದು ಗುಣವು ಭಾಷೆಯದು. ಅಂದಿನ ಪಾಠಪುಸ್ತಕಗಳ ಕನ್ನಡವು ಸಂಸ್ಕೃತ ಪದಗಳ ಭಾರದಿಂದ ಬಾಗಿದ್ದಿತು. (ಈ ಲೇಖನದ ಕನ್ನಡವೂ ಹಾಗೆಯೇ ಇದೆಯೆಂದು ನಮ್ಮ ಕಿರಿಯ ಉಪಾಧ್ಯಾಯಿನಿಯರು ನಗುವರು, ನಗಲಿ.) ಪಂಜೆಯವರು ಮಕ್ಕಳಿಗೆ ಬರೆಯುವಾಗ ಗುಡುಗುಡು, ತಟಪಟ, ಥಕಥೈ ಎಂಬ ದನಿಯ ಮಾತುಗಳನ್ನು ಧಾರಾಳವಾಗಿ ತಂದರು. ಇಂತಹ ಮಾತುಗಳಿಗೆ ಮನೆಮಾತಿನ ಗೋಡೆಯಿಲ್ಲ. ತುಳುವಿನ ಮಗುವಿಗೂ ಕೊಂಕಣಿಯ ಮಗುವಿಗೂ ಅವು ಕೂಡಲೇ ತಿಳಿಯುವುವು. ಗುಡುಗುಡು ಗುಮ್ಮಟ ದೇವರು ಎಂಬ ಹೆಸರನ್ನು ನೋಡಿದರೆ ಸಾಕು, ಕಾರ್ಕಳದ ಬಸ್ಸಿನಲ್ಲಿ ಓಡಾಡುವ ನಮ್ಮ ಹುಡುಗಿಯರು ಪುಸ್ತಕಕ್ಕೆ ಕೈಹಾಕುವರು. 1432ರಲ್ಲಿ ಬಂಡೆಯ ಮೇಲೆ ನಿಂತ 42 ಅಡಿಯ ಗುಮ್ಮಟನು ಅವರಿಗೆ ನೆರೆಮನೆಯವನಷ್ಟು ಪರಿಚಿತನು. ಹ್ಯಾಮೆಲಿನ್ ಪಟ್ಟಣದಿಂದ ಇಲಿಗಳನ್ನು ಹೊರಡಿಸಿದ ಕೊಳಲೂದುವವನ ಕಥೆಯು ಯುರೋಪಿನದು. ಪಂಜೆಯವರ ಕೈಯಲ್ಲಿ ಅದು ಇಲಿಗಳ ಥಕಥೈ ಆಗಿ ನಮ್ಮೂರಿನದೇ ಆಯಿತು. ತುಳುವಿನ ಪಾಡ್ದನದಿಂದ ಕೋಟಿ ಚೆನ್ನಯರ ವೃತ್ತಾಂತವನ್ನು ಎತ್ತಿಕೊಂಡು ಕನ್ನಡದಲ್ಲಿ ಬರೆದರು. ಗರಡಿಗಳಲ್ಲಿ ಆ ವೀರರ ಹೆಸರನ್ನು ಕೇಳಿ ಬೆಳೆದ ತುಳುವ ಬಾಲಕನಿಗೆ, ತನ್ನ ಅಜ್ಜಿ ಹಾಡುತ್ತಿದ್ದ ಕಥೆಯೇ ಶಾಲೆಯ ಭಾಷೆಯಲ್ಲಿ ಅಚ್ಚಾಗಿ ಕೈಗೆ ಬಂದಾಗ ಹೇಗೆನಿಸಿದ್ದೀತು? ಕಥೆಯು ಮೊದಲೇ ತಿಳಿದಿರುವಾಗ ಭಾಷೆಯು ಹಿಂಬಾಲಿಸಿ ಬರುವುದು ಸುಲಭ. ಮನೆಯ ಭಾಷೆಯಿಂದ ಶಾಲೆಯ ಭಾಷೆಗೆ ಇದಕ್ಕಿಂತ ಒಳ್ಳೆಯ ಸಂಕವನ್ನು ಬೇರೆ ಯಾರೂ ಹಾಕಿಕೊಟ್ಟುದನ್ನು ನಾವು ಕಾಣೆವು.

1920ರ ದಶಕದ ಆರಂಭದಲ್ಲಿ ಅವರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗಿನ ಗುಡ್ಡಗಳನ್ನೂ ಜನರನ್ನೂ ಕಂಡು ಬರೆದ ಹುತ್ತರಿಯ ಹಾಡನ್ನು ಕೊಡಗಿನವರು ತಮ್ಮ ನಾಡಗೀತೆಯೆಂಬಂತೆ ಹಾಡುತ್ತ ಬಂದಿರುವರು. ತೆಂಕಣ ಗಾಳಿಯ ಪದ್ಯವನ್ನಾದರೋ ಮುಂಗಾರಿನ ಬಿರುಗಾಳಿ ಬಲ್ಲ ಕರಾವಳಿಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. 1934ರಲ್ಲಿ ರಾಯಚೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು. ಮಕ್ಕಳಿಗಾಗಿ ಬರೆದವರನ್ನು ನಾಡು ಅತ್ಯುನ್ನತ ಪೀಠದ ಮೇಲೆ ಕುಳ್ಳಿರಿಸಿ ಗೌರವಿಸಿದ್ದು ನಾಡಿಗೇ ಶೋಭೆ ತಂದಿತು. 1937ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನಲ್ಲಿ ನ್ಯುಮೋನಿಯಾ ಬೇನೆಯಿಂದ ತೀರಿಕೊಂಡರು. ಆಗ ಅವರಿಗೆ 63 ವರ್ಷ. ನೇತ್ರಾವತಿಯ ದಡದಲ್ಲಿ ಹುಟ್ಟಿದ ಜೀವವು ಅಷ್ಟು ದೂರದಲ್ಲಿ ಕೊನೆಗಂಡಿತು. ಅವರ ಬರಹಗಳು 1970ರ ದಶಕದಲ್ಲಿ ಸಂಪುಟಗಳಾಗಿ ಹೊರಬಂದುವು.

ಈಗ ಆ 20 ನಿಮಿಷಗಳ ಮಾತು. ವೇಳಾಪಟ್ಟಿಯು ಮೊದಲೇ ಕಿಕ್ಕಿರಿದಿರುವುದೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಮಧ್ಯಾಹ್ನದ ಊಟದ ಬಳಿಕದ ಹೊತ್ತನ್ನು ಆರಿಸಿಕೊಂಡಿರುವೆವು. ಆಟದಿಂದ ಬಂದ ಮಕ್ಕಳು ತಣ್ಣಗಾಗುವುದಕ್ಕೆ ಹೇಗೂ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು, ಆ ಹೊತ್ತು ಗದರಿಸುವುದರಲ್ಲಿ ಕಳೆಯುತ್ತಿತ್ತು. ಆಟಿ ತಿಂಗಳಲ್ಲಿ ಹಂಚಿನ ಮಾಡಿನ ಮೇಲೆ ಮಳೆ ಹೊಡೆಯತೊಡಗಿತೆಂದರೆ ಟೀಚರ ದನಿ ಎರಡನೆಯ ಬೆಂಚಿಗೂ ಕೇಳಿಸದು. ಆಗ ಮೌನವಾಚನಕ್ಕಿಂತ ಪ್ರಯೋಜನಕಾರಿಯಾದ ಪಾಠ ಇನ್ನಾವುದಿದೆ? ಆ ದಿನಗಳಲ್ಲಿ 20 ನಿಮಿಷವು ಕೆಲವೊಮ್ಮೆ 40 ಆಗುವುದು, ಅದಕ್ಕೆ ನಾವು ಆಕ್ಷೇಪಿಸುವುದಿಲ್ಲ.

ಗಟ್ಟಿಯಾಗಿ ಓದುವುದನ್ನು ಬಿಟ್ಟುಬಿಟ್ಟಿರುವೆವೆಂದು ಯಾರೂ ತಿಳಿಯಬಾರದು. ಉಚ್ಚಾರವನ್ನು ತಿದ್ದುವುದಕ್ಕೆ ಅದು ಬೇಕೇ ಬೇಕು. ಲ ಕಾರ ಳ ಕಾರಗಳ ಭೇದವೂ ಒತ್ತಕ್ಷರಗಳೂ ಬಾಯಿ ತೆರೆಯದೆ ಬರಲಾರವು. ಪ್ರಾರ್ಥನೆಯ ಕೂಟದಲ್ಲಿ ಸತ್ಯವೇದವನ್ನು ಎದ್ದುನಿಂತು ಓದುವ ಹುಡುಗಿಯ ಧ್ವನಿಯು ಕೊನೆಯ ಸಾಲಿಗೆ ಮುಟ್ಟಬೇಕೆಂಬ ನಮ್ಮ ನಿಯಮವೂ ಸಡಿಲವಾಗಿಲ್ಲ.

ಮೌನವಾಚನದ ಹೆಸರಿನಲ್ಲಿ ಮಕ್ಕಳನ್ನು ಬಿಟ್ಟುಬಿಡುವುದೂ ಸಲ್ಲದು. ಅಮೇರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಲೈಮನ್ ಹಂಟ್ ಎಂಬವರು 1960ರ ದಶಕದಲ್ಲಿ ಶಾಲೆಯ ದಿನದೊಳಗೆ ಇಂತಹ ಹೊತ್ತನ್ನು ಗೊತ್ತುಪಡಿಸಬೇಕೆಂದು ಪ್ರತಿಪಾದಿಸಿದರು. ಅದು ಅನೇಕ ದೇಶಗಳ ಶಾಲೆಗಳಿಗೆ ಹಬ್ಬಿತು. ಆದರೆ 2000ದಲ್ಲಿ ಅದೇ ದೇಶದ ತಜ್ಞರ ಸಮಿತಿಯೊಂದು, ಮಕ್ಕಳನ್ನು ಬರಿದೆ ಓದಲು ಬಿಟ್ಟರೆ ಓದಿನ ಸರಾಗತೆ ಹೆಚ್ಚುವುದೆನ್ನಲು ಸಾಕಷ್ಟು ಪ್ರಮಾಣವಿಲ್ಲವೆಂದು ವರದಿ ಮಾಡಿತು. ಈ ಎರಡನೆಯ ಮಾತನ್ನೂ ತಾಯ್ತಂದೆಗಳಿಂದ ಮುಚ್ಚಿಡುವುದು ನ್ಯಾಯವಲ್ಲ. ಆದುದರಿಂದಲೇ ನಮ್ಮಲ್ಲಿ ಟೀಚರೂ ಒಂದು ಪುಸ್ತಕವನ್ನು ಹಿಡಿದು ಮಕ್ಕಳೊಡನೆ ಕುಳಿತು ಓದುವರು, ಹಾಜರಿಪಟ್ಟಿ ಬರೆಯುವುದಿಲ್ಲ. ಮಗುವಿನ ಶಕ್ತಿಗೆ ಮೀರಿದ ಪುಸ್ತಕವನ್ನು ಮೆಲ್ಲನೆ ಬದಲಿಸಿ ಕೊಡುವರು. ವಾರಕ್ಕೊಮ್ಮೆ ಇಬ್ಬರು ಮೂವರು ಹುಡುಗಿಯರು ತಾವು ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳುವರು. ತುಳುವಿನಲ್ಲಿ ಹೇಳಿದರೂ ತಡೆಯುವುದಿಲ್ಲ. ಕನ್ನಡದಲ್ಲಿ ಓದಿದ್ದನ್ನು ತುಳುವಿನಲ್ಲಿ ಹೇಳಬಲ್ಲವಳಿಗೆ ಅರ್ಥವಾಗಿರುವುದರಲ್ಲಿ ಸಂದೇಹವುಂಟೇ?

ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿಗೆ ಮಕ್ಕಳನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಓದುವ ಬೆಳಕು ಎಂಬ ಕಾರ್ಯಕ್ರಮವನ್ನು ಕರ್ನಾಟಕ ಸರಕಾರವು 2020ರಲ್ಲಿ ಆರಂಭಿಸಿತು. ಸುತ್ತಣ ಗ್ರಾಮಗಳ ತಾಯ್ತಂದೆಗಳು ತಮ್ಮ ಊರಿನ ಗ್ರಂಥಾಲಯದ ಬಾಗಿಲನ್ನು ಮಗಳ ಕೈಹಿಡಿದು ಒಮ್ಮೆ ದಾಟಿಸಬೇಕೆಂದು ಕೋರುವೆವು. ಮೊಬೈಲನ್ನು ದೂರುವುದರಲ್ಲಿ ನಮಗೆ ಅಷ್ಟು ಆಸಕ್ತಿಯಿಲ್ಲ. ಮನೆಯಲ್ಲಿ ಬೇರೇನೂ ಇಲ್ಲದಿರುವಾಗ ಮಗುವು ಅದನ್ನಲ್ಲದೆ ಇನ್ನೇನನ್ನು ಹಿಡಿದೀತು?

ನಮ್ಮ ಕಪಾಟಿನಲ್ಲಿ ಕನ್ನಡದ ಚಿಕ್ಕ ಪುಸ್ತಕಗಳು ಇನ್ನೂ ಸಾಲವು. ಇಂಗ್ಲಿಷಿನ ಬಣ್ಣದ ಪುಸ್ತಕಗಳನ್ನು ಕೊಡುವವರು ಸಿಕ್ಕುವರು. ದೊಡ್ಡ ಅಕ್ಷರದ, ತೆಳ್ಳಗಿನ, ಒಂದೇ ಬೈಠಕ್ಕಿನಲ್ಲಿ ಮುಗಿಯುವ ಕನ್ನಡ ಕಥೆಗಳನ್ನು ಹುಡುಕಿ ತರುವವರು ಕಡಿಮೆ. ಪಂಜೆಯವರ ಕಥೆಗಳ ನಮ್ಮ ಪ್ರತಿಗಳು ಹೊಲಿಗೆ ಬಿಟ್ಟು, ಅಂಚು ಮಡಚಿ, ಎರಡೆರಡು ಸಲ ಅಂಟು ಹಾಕಿಸಿಕೊಂಡಿವೆ. ಮುಂಬಯಿಯಲ್ಲಿಯೂ ಕೊಲ್ಲಿಯ ದೇಶಗಳಲ್ಲಿಯೂ ನೆಲಸಿರುವ ನಮ್ಮ ಹಳೆ ವಿದ್ಯಾರ್ಥಿನಿಯರು ಊರಿಗೆ ಬಂದಾಗ ಶಾಲೆಯ ಕಡೆ ಬರುವುದುಂಟು. ಬರುವಾಗ ಸಿಹಿತಿಂಡಿಯ ಬದಲು ಇಂತಹ ಒಂದೆರಡು ಪುಸ್ತಕಗಳನ್ನು ತಂದರೆ ಉಪಕಾರವಾಗುವುದು. ಕೊಟ್ಟವರ ಹೆಸರನ್ನೂ ಅವರು ಶಾಲೆ ಬಿಟ್ಟ ವರ್ಷವನ್ನೂ ಮೊದಲ ಪುಟದ ಮೇಲೆ ಬರೆದಿಡುವ ವಾಡಿಕೆಯನ್ನು ಇಟ್ಟುಕೊಂಡಿರುವೆವು. ಆ ಪುಟವನ್ನೂ ಮಕ್ಕಳು ಓದುವರು.